ಯಶೋದಾಳ ಇಪ್ಪತ್ತೆಂಟು ದಿನ

ದಾವಣಗೆರೆಯ ಸರಸ್ವತಿ ನಗರದಲ್ಲಿ ಯಶೋದಾಳ ಮನೆ ಯಾವುದೆಂದು ಕೇಳಿನೋಡಿ, "ಸಮುದ್ರದ ಯಶೋದಮ್ಮನಾ?" ಎಂದು ನಗುತ್ತಾರೆ. ಪಾಪ, ಸಮುದ್ರ ಕಂಡವಳಲ್ಲ. ಹುಟ್ಟಿದ್ದು ಕಡರನಾಯಕನಹಳ್ಳಿ, ಕೊಟ್ಟದ್ದು ಇಲ್ಲಿಗೆ. ಗಂಡ ತೀರಿಕೊಂಡ ಮೇಲೆ ಬಡೇಸಾಬ್ ಎಂಬವರ ಸಾಕುಮೀನಿನ ಅಂಗಡಿಗೆ ಕಸ ಗುಡಿಸಲು ಸೇರಿದವಳು, ಗುಡಿಸುತ್ತ ಗುಡಿಸುತ್ತಲೇ ಉಪ್ಪುನೀರಿನ ಮೀನು ಸಾಕುವ ವಿದ್ಯೆ ಕಲಿತುಬಿಟ್ಟಳು. ಈಗ ಇಲ್ಲೂ ಹರಿಹರದಲ್ಲೂ ಸೇರಿ ಆರು ಮನೆಗಳ ಅಕ್ವೇರಿಯಂ ನೋಡಿಕೊಳ್ಳುತ್ತಾಳೆ. ಅತ್ತೆ ಹುಲಿಗೆಮ್ಮ, ತಾನು, ಇಬ್ಬರ ಹೊಟ್ಟೆ ಅದರಲ್ಲೇ ನಡೆಯಬೇಕು.

ಬಾಯಿ ಜೋರು ಹೆಂಗಸು. ಅವಳದೊಂದು ಕಾನೂನಿತ್ತು: ಹೊಸ ಮೀನು ಯಾವುದೇ ಬರಲಿ, ಇಪ್ಪತ್ತೆಂಟು ದಿನ ತನ್ನ ಅಡುಗೆಮನೆಯ ತೊಟ್ಟಿಯಲ್ಲಿ ಒಂಟಿಯಾಗಿ ಇರಬೇಕು. ಹಿಂದೊಮ್ಮೆ ಹರಿಹರದಲ್ಲಿ ಒತ್ತಾಯಕ್ಕೆ ಕಟ್ಟುಬಿದ್ದು ಒಂದನ್ನು ನೇರ ಅಕ್ವೇರಿಯಂಗೆ ಬಿಟ್ಟಿದ್ದಳು. ಅದು ತಂದ ಬೇನೆಗೆ ವಾರದೊಳಗೆ ಹನ್ನೊಂದು ಮೀನು ಹೋದವು.

ಹಾಗಾಗಿ ಕೆ.ಬಿ. ಬಡಾವಣೆಯ ಬಟ್ಟೆ ವ್ಯಾಪಾರಿ ಕೊಟ್ಟೂರೇಶ್ ಚೆನ್ನೈನಿಂದ ನೀಲಿ ಮೀನೊಂದನ್ನು ತರಿಸಿ, "ನಾಳೆ ಮಗಳ ನಿಶ್ಚಿತಾರ್ಥ ಐತೆ, ಇವತ್ತೇ ಬಿಟ್ಟುಬಿಡ್ರಿ" ಅಂದಾಗ ಅವಳು ಜಗ್ಗಲಿಲ್ಲ.

"ಆಗಲ್ರಿ ಸಾವ್ಕಾರ್ರೆ. ಬ್ಯಾನೆ ಐತೋ ಇಲ್ವೋ ನಿಮಗೆ ಗೊತ್ತಾ, ನನಗೆ ಗೊತ್ತಾ?"

"ನಿಮ್ಮ ಮನ್ಯಾಗೆ ಸತ್ತರೆ?"

"ನನ್ನ ತಪ್ಪಿಂದ ಸತ್ತರೆ ನಿಮ್ಮ ಹೊಸಿಲು ತುಳಿಯಲ್ಲ, ಹೋಗ್ರಿ!"

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಉಳಿದ ಐದು ಮನೆಯವರೂ ಕೊಟ್ಟೂರೇಶನ ಬೀಗರು, ಬಳಗದವರು. ಈ ಮನೆ ಕೈಬಿಟ್ಟರೆ ಆರೂ ಕೈಬಿಟ್ಟ ಹಾಗೆಯೇ. ಮೀನಿನ ಚೀಲ ಹಿಡಿದು ಆಟೋದಲ್ಲಿ ಕೂತ ಮೇಲಷ್ಟೇ ಯಶೋದಾಳಿಗೆ ಇದು ಹೊಳೆದದ್ದು.

ಪ್ಲಾಸ್ಟಿಕ್ ಚೀಲದಲ್ಲಿ ಮೀನು ಒಂದಿಡೀ ದಿನ ಪ್ರಯಾಣ ಮಾಡಿತ್ತು. ಅಂಥ ಚೀಲದ ಕಟ್ಟು ಬಿಚ್ಚಿ ಗಾಳಿ ಸೋಕಿದ್ದೇ ತಡ, ಒಳಗಿನ ಹೊಲಸು ನೀರು ನಿಮಿಷ ನಿಮಿಷಕ್ಕೂ ವಿಷವಾಗುತ್ತದೆ. ಮನೆ ಸೇರಿದವಳೇ ಚೀಲ ಬಿಚ್ಚದೆ ತೊಟ್ಟಿಯಲ್ಲಿ ತೇಲಿಬಿಟ್ಟು ಎರಡೂ ನೀರಿನ ಬಿಸಿ ಸಮ ಮಾಡಿದಳು. ಚೀಲದ ನೀರಿನ ಉಪ್ಪೆಷ್ಟೆಂದು ಮಾರಿದವನಿಗೆ ಮೊದಲೇ ಫೋನು ಮಾಡಿ ತೊಟ್ಟಿಯನ್ನು ಅದೇ ಹದಕ್ಕೆ ತಂದಿದ್ದಳು. ಆದರೂ ಅವನ ಮಾತು ನಂಬುವುದುಂಟೇ? ಕಟ್ಟು ಬಿಚ್ಚಿ, ಒಂದು ಹನಿ ತೆಗೆದು ಅಳೆದಳು. ಪುಣ್ಯಕ್ಕೆ ಸರಿಯಿತ್ತು. ಮೀನನ್ನಷ್ಟೇ ಬೊಗಸೆಯಲ್ಲೆತ್ತಿ ತೊಟ್ಟಿಗೆ ಬಿಟ್ಟು, ಚೀಲದ ನೀರನ್ನು ಬಚ್ಚಲಿಗೆ ಸುರಿದಳು.

"ನೆಂಟ್ರು ಬಂದ್ರೇನೇ?" ಹುಲಿಗೆಮ್ಮ ಬಾಗಿಲಿಗೆ ಬಂದು ಮೀನು ನೋಡಿ ಕೇಳಿದಳು.

"ಮುಟ್ಟಬ್ಯಾಡ್ರಿ ಅತ್ತೆ" ಅಂದಳು ಯಶೋದಾ. ಯಾಕೆ ಅಂತ ಹೇಳಲಿಲ್ಲ.

ಒಂಬತ್ತನೇ ದಿನ ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಎದ್ದವು. ನೋಡಿದಿರಾ, ಅವಳೆಂದದ್ದೇ ಸರಿ! ಈ ಬೇನೆಗೆ ಮದ್ದು ತಾಮ್ರದ ದ್ರಾವಣ. ಅದೂ ಹನಿ ಎಣಿಸಿ ಹಾಕಬೇಕು. ಕಮ್ಮಿಯಾದರೆ ಬೇನೆ ಸಾಯುವುದಿಲ್ಲ, ಹೆಚ್ಚಾದರೆ ಮೀನೇ ಸಾಯುತ್ತದೆ. ಯಶೋದಾ ಒಂದೊಂದೇ ಎಣಿಸಿ ಹನಿ ಹಾಕಿದಳು. ಎರಡು ದಿನ ಅಳೆದು ನೋಡಿದಳು, ಹದ ನಿಂತಿತ್ತು, ಆಮೇಲೆ ಅಳೆಯುವುದು ಬಿಟ್ಟಳು. ಹದಿನೆಂಟನೇ ದಿನಕ್ಕೆ ಚುಕ್ಕೆಗಳೆಲ್ಲ ಮಾಯ. ಕೊಟ್ಟೂರೇಶನಿಗೆ ಫೋಟೋ ಕಳಿಸಿ ಬೀಗಿದ್ದೇ ಬೀಗಿದ್ದು.

ಒಂದು ವಿಷಯ ಮಾತ್ರ ಅವಳ ತಲೆಗೆ ಹೋಗಲಿಲ್ಲ. ತೊಟ್ಟಿಯ ನೀರು ದಿನಾ ಆವಿಯಾಗುತ್ತದೆ, ಗುರುತಿನ ಗೆರೆವರೆಗೆ ಕ್ಯಾನಿನ ಶುದ್ಧ ನೀರು ತುಂಬಬೇಕು. ಈ ಸಲ ಮೀನಿಗೆ ಬೇನೆ ಬಂದ ಮೇಲೆ, ಸಂಜೆ ಬಂದು ನೋಡಿದರೆ ನೀರು ಗೆರೆಗೇ ಇರುತ್ತಿತ್ತು. ಮಳೆಗಾಲದ ತಂಪಿಗೆ ಆವಿಯಾಗುತ್ತಿಲ್ಲ ಎಂದುಕೊಂಡು ಸುಮ್ಮನಾಗಿದ್ದಳು.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಮೀನು ಮೂಲೆಯಲ್ಲಿ ವಾಲಿಕೊಂಡು ಏದುಸಿರು ಬಿಡುತ್ತಿತ್ತು. ಗಾಬರಿಯಿಂದ ಅಳೆದಳು. ತಾಮ್ರ ಇರಬೇಕಾದದ್ದಕ್ಕಿಂತ ಇಮ್ಮಡಿ! ಅಯ್ಯೋ ದೇವರೇ, ಮದ್ದು ಎರಡು ಸಲ ಹಾಕಿದೆನೇ? ಅರ್ಧ ನೀರು ತೆಗೆದು ಹೊಸ ಉಪ್ಪುನೀರು ಹುಯ್ದಳು. ಇನ್ನಷ್ಟು ನೀರು ಕಲಸಲು ಉಪ್ಪು ಸಾಲದೆ ಬಡೇಸಾಬರ ಅಂಗಡಿಗೆ ಓಡಿ ತಂದಳು.

ತಿರುಗಿ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತವಳು ನಿಂತಂತೆಯೇ ಉಳಿದಳು. ಹುಲಿಗೆಮ್ಮ ದಿನಾ ಹುಣಸೆಹಣ್ಣು ಹಚ್ಚಿ ಉಜ್ಜುವ ತಾಮ್ರದ ಬಿಂದಿಗೆ ಕೆಳಗಿತ್ತು. ರಾತ್ರಿಯಿಡೀ ಅದರಲ್ಲಿಟ್ಟ ನೀರು ದೇವರಿಗೆ, ಮನೆಗೆ ಬಂದವರಿಗೆ. ಅದರಿಂದಲೇ ಒಂದು ಚೊಂಬು ತುಂಬಿಕೊಂಡು ಮುದುಕಿ ತೊಟ್ಟಿಗೆ ಬಗ್ಗಿಸುತ್ತಿದ್ದಳು.

"ಕುಡಿಯಪ್ಪಾ. ಇದು ಒಳ್ಳೇ ನೀರು, ಮೈಗೆ ತಂಪು."

ಯಶೋದಾಳ ಬಾಯಿಗೆ ಬೈಗುಳ ಬಂತು. ಆದರೆ ಯಾರನ್ನು ಬೈಯುವುದು? ಆರು ಮನೆಯ ಸಾಹುಕಾರರಿಗೆ ಗಂಟಲು ಹರಿಯುವಂತೆ ಕಾನೂನು ಹೇಳಿದವಳು, ತನ್ನ ಒಲೆಯ ಮುಂದೆ ಕೂತ ಮುದುಕಿಗೆ ಒಂದು ಮಾತು ಬಿಡಿಸಿ ಹೇಳಿರಲಿಲ್ಲ.

"ಇವತ್ತಿಗೆ ಸಾಕು ಬಿಡ್ರಿ ಅತ್ತೆ" ಎಂದು ಚೊಂಬು ಇಸಿದುಕೊಂಡಳು. ಮಧ್ಯಾಹ್ನದೊಳಗೆ ಮೀನು ಸತ್ತಿತು.

ಅವಳೇ ಮನೆಗೆ ಹೋಗಿ ಹೇಳಿದ ಸುದ್ದಿ ಕೇಳಿ ಕೊಟ್ಟೂರೇಶ್ ಸಿಟ್ಟಾಗಲಿಲ್ಲ. "ಬ್ಯಾನೆ ಮೀನು ಕಳ್ಸಿದಾನೆ ಆ ಚೆನ್ನೈನವ್ನು, ವಾಸಿಯಾದಂಗೆ ಕಂಡ್ರೂ ತಿರುಗಿ ಬಂದೈತೆ. ನೀವು ಬ್ಯಾಡ ಅಂದಿದ್ದೇ ಒಳ್ಳೇದಾತು, ನಮ್ಮವೆಲ್ಲಾ ಉಳಿದ್ವು. ಕೂಡ್ರಿ, ಚಾ ಕುಡೀರಿ."

ಹೂಂ ಅಂದುಬಿಟ್ಟಿದ್ದರೆ ಮುಗಿದಿತ್ತು. ಯಶೋದಾ ಕೂಡಲಿಲ್ಲ. "ಬ್ಯಾನೆ ವಾಸಿಯಾಗಿತ್ರಿ. ತೊಟ್ಟಿ ನೀರಿಗೆ ತಾಮ್ರ ಹೆಚ್ಚಾಗಿ ಸತ್ತಿದ್ದು. ತಪ್ಪು ನಂದು."

ಅವನ ಮುಖ ಗಂಟಾಯಿತು. "ಹಂಗಾದ್ರೆ ನೀವೇ ಆಡಿದ ಮಾತೈತಲ್ಲ."

"ಐತ್ರಿ" ಎಂದು ಆ ಹೊಸಿಲು ದಾಟಿ ಹೊರಬಿದ್ದಳು.

ಮನೆಯಲ್ಲಿ ಹುಲಿಗೆಮ್ಮ ಖಾಲಿ ತೊಟ್ಟಿಯ ಪಕ್ಕ ಕೂತಿದ್ದಳು. ಸೊಸೆಯ ಮುಖ ನೋಡಿ, "ದಿನಾ ಚೊಂಬು ತುಂಬ ನೀರು ಕೊಟ್ನಲ್ಲೇ, ಆದ್ರೂ ಉಳೀಲಿಲ್ಲ ನೋಡು" ಅಂದಳು.

ಯಶೋದಾ ಅತ್ತೆಯ ಪಕ್ಕದಲ್ಲೇ ನೆಲಕ್ಕೆ ಕೂತಳು.

"ನೀವು ನೀರು ಕೊಟ್ಟಿದ್ದಕ್ಕೇ ಇಷ್ಟು ದಿನ ಉಳೀತು ಅತ್ತೆ."