ಹುಳದ ಮನೆಯಲ್ಲಿ ಬಾವಿ ನೀರು

ಶನಿವಾರ ಬೆಳಿಗ್ಗೆ ಏಳಕ್ಕೆ ಚಿಕ್ಕಬಳ್ಳಾಪುರದಲ್ಲಿ ಗೌರಿಬಿದನೂರು ಬಸ್ಸು ಹತ್ತಿದೆವು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಜೊತೆಗಿದ್ದವಳು ಗಣಿತದ ಸರೋಜ. ಸಂಕ್ರಾಂತಿ ರಜಕ್ಕೆ ಊರೆಲ್ಲ ನೆಂಟರ ಮನೆಗೆ ಹೋದರೆ, ನಾವು ಹಳ್ಳಿಗಳ ಕುಡಿಯುವ ನೀರು ಪರೀಕ್ಷಿಸಲು ಹೊರಟಿದ್ದೆವು. ಆಧಾರ್ ತೋರಿಸಿದ ಹೆಂಗಸರಿಗೆ ಬಸ್ಸು ಪುಕ್ಕಟೆ. ಸರೋಜ ಚಳಿಗೆ ಎರಡು ಸ್ವೆಟರ್ ಹಾಕಿದ್ದಳು. ನನಗೋ, ಹುರುಪಿನಲ್ಲಿ ಚಳಿಯೇ ಗೊತ್ತಾಗಲಿಲ್ಲ.

ನಮ್ಮ ಪರೀಕ್ಷೆ ಸುಲಭದ್ದು. ನೀರಿಗೆ ಔಷಧಿಯ ಹನಿ ಬಿಡಬೇಕು. ಗುಲಾಬಿ ಬಣ್ಣ ಉಳಿದರೆ ಸರಿ, ಹಳದಿಗೆ ತಿರುಗಿದರೆ ಫ್ಲೋರೈಡು ಜಾಸ್ತಿ. ನಮ್ಮ ಕಡೆ ಮಕ್ಕಳಿಗೆ ಹಾಲುಹಲ್ಲು ಬಿದ್ದು ಹುಟ್ಟುವ ಹಲ್ಲಿಗೆ ಕಂದು ಕಲೆ ಹಿಡಿಸುವುದು ಅದೇ, ನೀರು ಕುದಿಸಿದರೂ ಹೋಗುವುದಿಲ್ಲ. ಮಂಚೇನಹಳ್ಳಿಯಲ್ಲಿ ಇಳಿದು ಆಟೋದಲ್ಲಿ ಮೂರು ಊರು ಸುತ್ತಿದೆವು. ಹೋದಲ್ಲೆಲ್ಲ ಜನ ಒಳಗೆ ಹೋಗಿ ಬಾಟಲಿ ತುಂಬಿಸಿ ತಂದುಕೊಟ್ಟರು. ಎಲ್ಲ ಗುಲಾಬಿ! ಗೌರಿಬಿದನೂರಿನ ಹೋಟೆಲಿನಲ್ಲಿ ದೋಸೆ ಮುರಿಯುತ್ತಾ, "ನೋಡ್ದೇನೇ, ಜನ ಸುಮ್ನೆ ಹೆದರಿಸ್ತಾರೆ" ಎಂದು ಬೀಗಿದೆ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಬೇಡ ಕಣೇ" ಎಂದಳು ಸರೋಜ.

ರಾತ್ರಿ ಮನೆಗೆ ಬಂದು, ಭಾನುವಾರ ಚಿಂತಾಮಣಿಗೆ ಹೋದೆವು. ಬಸ್ಸಿನ ತುಂಬ ಅವರೆಕಾಯಿ ಮೂಟೆಗಳ ಸೊಗಡು. ಅಂಬಾಜಿದುರ್ಗದ ತಪ್ಪಲಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಸಹಾಯಕಿ ನಾರಾಯಣಮ್ಮ ನಮಗಾಗಿ ಕಾದಿದ್ದರು. ಬೋರ್‌ವೆಲ್ ನೀರಿಗೆ ಮಕ್ಕಳ ಹಲ್ಲು ಹಾಳಾಗುತ್ತಿದೆ ಎಂಬುದು ಅವರ ಗುಮಾನಿ. ಕಳೆದ ಬೇಸಿಗೆಯಲ್ಲಿ ಹೆಂಗಸರನ್ನು ಕಟ್ಟಿಕೊಂಡು ಅಂಗನವಾಡಿ ಪಕ್ಕದ ಹಳೇ ಬಾವಿಯ ಹೂಳು ತೆಗೆಸಿ, ಮೇಲೆ ಬಲೆ ಹೊದಿಸಿದ್ದರು. ಮಳೆಗೆ ಬಾವಿ ತುಂಬಿತ್ತು. ಊರ ಹಿರಿಯರು ಮಾತ್ರ, "ಬಾವಿ ನೀರು ಕುಡ್ದು ಮಕ್ಕಳಿಗೆ ಭೇದಿ ಆದ್ರೆ? ಪರೀಕ್ಷೇಲಿ ಫೇಲಾದ್ರೆ ಮಣ್ಣು ಮುಚ್ಚಿಸ್ತೀವಿ" ಎಂದು ಖಡಾಖಂಡಿತ ಹೇಳಿದ್ದರಂತೆ.

ಮೊದಲು ಬೋರ್‌ವೆಲ್ ನೀರು ಕೇಳಿದೆ. ನಾರಾಯಣಮ್ಮ ಒಳಗಿಂದ ಬಾಟಲಿ ತಂದರು. ಹನಿ ಬಿಟ್ಟೆ. ಗುಲಾಬಿ! ಅಂದರೆ ಬೋರ್‌ವೆಲ್ಲೇ ಸರಿಯಿದೆಯಲ್ಲ ಎಂದು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಸರೋಜ ಲವಣ ಅಳೆಯುವ ಕಡ್ಡಿ ಅದ್ದಿ ಹುಬ್ಬು ಗಂಟಿಕ್ಕಿದಳು. "ಬೋರ್ ನೀರಲ್ಲಿ ಉಪ್ಪಿನಂಶವೇ ಇಲ್ವಲ್ಲೇ!"

"ಇದು ಎಲ್ಲಿಯ ನೀರು ನಾರಾಯಣಮ್ಮ?" ಎಂದೆ.

"ಪಕ್ಕದೂರಿನ ಫಿಲ್ಟರ್ ನೀರು ಮೇಡಂ. ನೀವು ಬರ್ತೀರ ಅಂತ ಒಂದು ಕ್ಯಾನು ತರಿಸ್ದೆ. ಆ ಸವಳು ನೀರು ನಿಮಗೆ ಹೆಂಗೆ ಕೊಡ್ಲಿ?"

"ಕುಡಿಯಕ್ಕಲ್ಲಮ್ಮ, ಪರೀಕ್ಷೆಗೆ!"

"ಯಾವುದಕ್ಕಾದ್ರೇನು? ಬಂದೋರ ಕೈಗೆ ಕೆಟ್ಟ ನೀರು ಕೊಡೋ ಪದ್ಧತಿ ನಮ್ಮಲ್ಲಿಲ್ಲ."

ನಗು ಬಂತು. ಮರುಗಳಿಗೆಗೆ ಮಂಚೇನಹಳ್ಳಿ ಕಡೆಯ ಬಾಟಲಿಗಳು ನೆನಪಾದವು. ನಿನ್ನೆಯ ಗುಲಾಬಿಗಳೆಲ್ಲ ಯಾರ ಮನೆಯ ಕ್ಯಾನಿನವೋ! ಮೂವತ್ತು ವರ್ಷ ಮಕ್ಕಳಿಗೆ ಪ್ರಯೋಗ ಹೇಳಿಕೊಟ್ಟವಳು, ನೀರನ್ನು ನಾನೇ ಹಿಡಿಯಬೇಕೆಂಬ ಬುದ್ಧಿ ಬೇಡವೇ? ಮಂಚೇನಹಳ್ಳಿ ಕಡೆಗೆ ಮತ್ತೆ ಹೋಗಲೇಬೇಕಾಯಿತು. "ಬಡ್ಕೊಂಡೆ ನಾನು" ಎಂದು ಸರೋಜ ದಾರಿಯುದ್ದಕ್ಕೂ ರೇಗಿಸಿದಳು.

ಅದು ಆಮೇಲಿನ ಮಾತು. ಆಗ ಸೀದಾ ಬೋರ್‌ವೆಲ್ ನಲ್ಲಿಗೇ ಹೋಗಿ ಹಿಡಿದೆ. ಅರಿಶಿನ ಕಲಸಿದಂತೆ ಹಳದಿ. ಬಾವಿಯಿಂದ ನಾನೇ ಸೇದಿದೆ. ಅಪ್ಪಟ ಗುಲಾಬಿ! ನಾರಾಯಣಮ್ಮ ಕೈಮುಗಿದರು. ಆದರೆ ಬಾವಿಯಲ್ಲಿ ಫ್ಲೋರೈಡು ಇಲ್ಲದಿದ್ದರೆ ಸಾಲದು, ರೋಗಾಣುವೂ ಇರಬಾರದು. ಅದಕ್ಕೆ ಬೇರೆ ಸೀಸೆ. ನೀರು ತುಂಬಿ ಎರಡು ದಿನ ಬೆಚ್ಚಗಿಡಬೇಕು, ಕಪ್ಪಾದರೆ ಬಾವಿಗೆ ಮಣ್ಣು.

ಆ ಚಳಿಯಲ್ಲಿ ಬೆಚ್ಚನೆಯ ಜಾಗ ಎಲ್ಲಿ? ಸಂಜೆ ಶಿಡ್ಲಘಟ್ಟಕ್ಕೆ, ಸರೋಜಳ ಅಕ್ಕನ ಮನೆಗೆ ಹೋದೆವು. ಅವರು ರೇಷ್ಮೆ ಸಾಕುವವರು. ಹುಳದ ಮನೆಗೆ ರಾತ್ರಿ ಹಗಲು ಕಾವು ಕೊಡುತ್ತಾರೆ. ಅಕ್ಕ ಹೊಸ್ತಿಲಲ್ಲೇ ತಡೆದರು. "ಹುಳ ಎರಡನೇ ಜ್ವರಕ್ಕೆ ಕೂತವೆ. ನಿಮ್ಮ ಔಷಧಿ ವಾಸನೆಗೆ ಏನಾದ್ರೂ ಆದ್ರೆ?" ಹುಳ ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಮಕ್ಕಳ ಹಲ್ಲಿನ ವಿಷಯ ಹೇಳಿದ ಮೇಲೆ ಕರಗಿದರು. ಸೀಸೆಯನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಸಿ, ನನ್ನ ಕೈಕಾಲು ತೊಳೆಸಿ, ಸುಣ್ಣದ ಪುಡಿ ತುಳಿಸಿ ಒಳಗೆ ಬಿಟ್ಟರು. ಒಂದು ಮೂಲೆಯಲ್ಲಿಟ್ಟು ಬಂದೆ. ಮುದ್ದೆ, ಅವರೆಕಾಳು ಸಾರು ಅಮೃತದಂತಿದ್ದರೂ ನನ್ನ ಜೀವವೆಲ್ಲ ಆ ಮೂಲೆಯಲ್ಲೇ ಇತ್ತು. ಸೋಮವಾರ ಸುತ್ತಲಿನ ಊರುಗಳ ನೀರು ನೋಡಿ ಬಂದು, ಅಕ್ಕ ಬೈದರೂ ನಾಲ್ಕು ಸಲ ಇಣುಕಿದೆ.

ಮಂಗಳವಾರ ಮಧ್ಯಾಹ್ನ ಸೀಸೆ ಹೊರಗೆ ತಂದು ಬಿಸಿಲಿಗೆ ಹಿಡಿದೆ. ಕಪ್ಪಿನ ಸುಳಿವೂ ಇಲ್ಲ! ಸರೋಜಳನ್ನು ತಬ್ಬಿಕೊಂಡು ಅಂಗಳದಲ್ಲೇ ಒಂದು ಸುತ್ತು ತಿರುಗಿಸಿಬಿಟ್ಟೆ. ತಕ್ಷಣ ನಾರಾಯಣಮ್ಮನಿಗೆ ಫೋನ್ ಮಾಡಿದೆ.

"ಪಾಸು ನಾರಾಯಣಮ್ಮ, ನಿಮ್ಮ ಬಾವಿ ಪಾಸು! ಜಿಲ್ಲೆಯ ಲ್ಯಾಬಿಗೂ ಒಂದು ಬಾಟಲಿ ಕೊಡೋಣ, ಹಿರಿಯರ ಕೈಗೆ ಚೀಟೀನೇ ಇಡೋಣ."

ತಡೆಯಲಾರದೆ ನಾನೇ ಕೇಳಿದೆ. "ಸಂತೋಷ ಆಯ್ತೇನಮ್ಮ?"

"ಆಯ್ತು ಮೇಡಂ" ಎಂದರು ನಾರಾಯಣಮ್ಮ. "ನನ್ನ ಮಗಳು ಮದುವೆ ಫೋಟೋದಲ್ಲೂ ಬಾಯಿ ಬಿಟ್ಟು ನಗ್ಲಿಲ್ಲ. ಮೊಮ್ಮಗಳಿಗೆ ಈಗ ಮೂರು ವರ್ಷ. ಅವಳದು ಇನ್ನೂ ಹಾಲುಹಲ್ಲು ಮೇಡಂ, ಒಂದೂ ಬಿದ್ದಿಲ್ಲ."