ಒಂದನೇ ನಂಬರಿಗೆ ಬಂದ ಹಾರ್ಮೋನಿಯಂ

ಮಡಿಕೇರಿಗೆ ಡಯಾಲಿಸಿಸ್‌ಗೆ ಹೋಗುವವರಿಗೊಂದು ವಾಹನ ಕೊಳ್ಳಲು ಮುತ್ತಮ್ಮ ಟೀಚರ್ ತಮ್ಮ ಹಾರ್ಮೋನಿಯಂ ಬಹುಮಾನವಾಗಿಡಲು ಕೊಟ್ಟರು. ನಾನು ಆನ್‌ಲೈನಿನಲ್ಲಿ ಲಕ್ಕಿ ಡ್ರಾ ಟಿಕೆಟ್ ಮಾರಿದೆ, ನಂಬರು ಆರಿಸಲು ಪ್ರೋಗ್ರಾಂ ಬರೆದೆ. ನೇರಪ್ರಸಾರದಲ್ಲಿ ಗುಂಡಿ ಒತ್ತಿದಾಗ ಬಂದದ್ದು ಒಂದನೇ ನಂಬರು. ಅದು ನನ್ನದೇ. ಹಣ ಸರಿಯಾಗಿ ಜಮೆಯಾಗುತ್ತದೆಯೇ ಎಂದು ನೋಡಲು ಮೊದಲ ಟಿಕೆಟ್ ನಾನೇ ಕೊಂಡು, ಆಮೇಲೆ ತೆಗೆಯಲು ಮರೆತಿದ್ದೆ.

"ಭಲೇ, ಮನೆಯವರಿಗೇ ಬಂತು! ನಮ್ಮ ದುಡ್ಡು ವಾಪಸ್ ಕೊಡಿ" ಎಂದು ಕಾಮೆಂಟುಗಳು ಸುರಿದವು.

"ಎಲ್ಲ ನಂಬರಿಗೂ ಸಮಾನ ಸಾಧ್ಯತೆ ಇತ್ತು, ಟೀಚರ್" ಎಂದೆ.

"ಆ ಪಾಠ ಆಮೇಲೆ ಮಾಡು ಮಗಾ. ಈಗ ಚೀಟಿ ಬರಿ."

ಪ್ರಸಾರ ನಿಲ್ಲಿಸದೆ, ನನ್ನದೊಂದನ್ನು ಬಿಟ್ಟು ಮುನ್ನೂರು ಚೀಟಿ ಬರೆದೆ. ಟೀಚರ್ ಅನ್ನದ ಪಾತ್ರೆಯಿಂದ ಎತ್ತಿದ ನಂಬರು ಭಾಗಮಂಡಲದವರೊಬ್ಬರದು. ಮತ್ತೆ ಯಾರೂ ದುಡ್ಡು ವಾಪಸ್ ಕೇಳಲಿಲ್ಲ.

ಮರುದಿನ ಕಕ್ಕಬೆಯಿಂದೊಬ್ಬರು ಫೋನ್ ಮಾಡಿ, ತಮ್ಮ ಸಂಘದ ಲಕ್ಕಿ ಡ್ರಾಗೆ ನನ್ನ ಪ್ರೋಗ್ರಾಮೇ ಬೇಕು ಎಂದರು. ಅಲ್ಲಿ ಒಂದನೇ ನಂಬರು ಅವರದಂತೆ.