ಸರಳಿನಕ್ಕ ಅಂಜಿದ ರಾಶಿ

ಆ ಮರದ ಡಿಪೋದಲ್ಲಿ ಅವಳನ್ನು ಎಲ್ಲರೂ ಸರಳಿನಕ್ಕ ಎಂದೇ ಕರೆಯುತ್ತಿದ್ದರು. ಎರಡಾಳುದ್ದದ ಕಬ್ಬಿಣದ ಸರಳನ್ನು ಮರದ ಚಕ್ಕೆಗಳ ರಾಶಿಗೆ ಚುಚ್ಚಿ, ಕಾಲು ಗಂಟೆ ಬಿಟ್ಟು ಎಳೆದು, ಅಂಗೈಯಲ್ಲಿ ಹಿಡಿದು ನೋಡುವುದು ಅವಳ ಕೆಲಸ. ಹಸಿ ಚಕ್ಕೆ ಒಟ್ಟಿದರೆ ಒಳಗೊಳಗೇ ಕಾಯುತ್ತದೆ. ಹಾಗೇ ಬಿಟ್ಟರೆ ಹೊತ್ತಿಕೊಳ್ಳುತ್ತದೆ. ಸರಳು ಹಿಡಿಯಲಾಗದಷ್ಟು ಬಿಸಿಯಾದರೆ ರಾಶಿ ಒಡೆದು ಹರಡಬೇಕು. ಹನ್ನೊಂದು ವರ್ಷ ಅವಳ ಅಂಗೈ ಸುಳ್ಳು ಹೇಳಿರಲಿಲ್ಲ. "ನಂಗೆ ಜ್ವರ ಬಂದ್ರೂ ಇವಳು ಸರಳು ತರ್ತಾಳೆ" ಎಂದು ಅಲ್ಲೇ ಚಕ್ಕೆ ಒಟ್ಟುವ ಲೋಡರ್ ಗಾಡಿ ಓಡಿಸುತ್ತಿದ್ದ ಗಂಡ ನಗಿಸುತ್ತಿದ್ದ.

ಕಾಡಿನ ಕಸದಿಂದ ವಿದ್ಯುತ್ ಮಾಡಲು ಸರ್ಕಾರ ಸಹಾಯಧನ ಕೊಡತೊಡಗಿದ ಮೇಲೆ ನಗು ನಿಂತಿತು. ಅಧಿಕಾರಿ ಅಳೆದಷ್ಟು ದಾಸ್ತಾನಿಗೆ ಡಿಪೋದ ಧಣಿಗೆ ಹಣ. ಮೊದಲು ಕೊಂಬೆ, ತೊಗಟೆ ಮಾತ್ರ ಚಕ್ಕೆ ಮಾಡುವ ಯಂತ್ರಕ್ಕೆ ಬೀಳುತ್ತಿದ್ದವು. ಈಗ ಹಲಗೆಯಾಗಬೇಕಿದ್ದ ನೆಟ್ಟನೆಯ ದಿಮ್ಮಿಗಳೂ ಬಿದ್ದವು. ರಾಶಿ ಶೆಡ್ಡಿನ ಮಾಡನ್ನು ಮೀರಿ ಬೆಳೆಯಿತು.

ಒಂದು ಸೋಮವಾರ ಬೆಳಿಗ್ಗೆ ಸರಳು ಎಳೆದವಳು ಚೀರಿ ಕೈಬಿಟ್ಟಳು. ರಾಶಿಯ ನೆತ್ತಿಯಿಂದ ನೂಲಿನಂತೆ ಹೊಗೆ ಏಳುತ್ತಿತ್ತು. ಅದೇ ನೆತ್ತಿಯ ಮೇಲೆ ಗಂಡನ ಲೋಡರ್ ಹಿಂದೆ ಮುಂದೆ ಓಡಾಡುತ್ತಿತ್ತು.

ಅವಳು ಓಡಿದ್ದು ಧಣಿಯ ಕೋಣೆಗೆ. "ಒಳಗೆ ಬೆಂದು ಟೊಳ್ಳಾಗ್ತಿದೆ ಧಣಿ. ಗಾಡಿ ಕುಸಿದ್ರೆ ಬೆಂಕಿಗೇ ಬೀಳುತ್ತೆ. ಇವತ್ತೇ ಒಡೆಸಿ."

ಧಣಿ ತಲೆ ಎತ್ತಲಿಲ್ಲ. "ಗುರುವಾರ ಅಳತೆಯವ್ರು ಬರ್ತಾರೆ. ಅಲ್ಲೀತನಕ ಬಾಯಿಗೆ ಬೀಗ ಹಾಕ್ಕೋ ತಾಯಿ. ನಲವತ್ತು ಜನರ ಹೊಟ್ಟೆ ಮೇಲೆ ಹೊಡೀಬೇಡ."

ಮನೆಯಲ್ಲಿ ಗಂಡನೂ ಕೇಳಲಿಲ್ಲ. "ನಾನು ಹತ್ತಲ್ಲ ಅಂದ್ರೆ ಇನ್ನೊಬ್ಬ ಹತ್ತುತ್ತಾನೆ ಕಣೇ. ಮೂರು ದಿನ ತಾನೇ?" ಅವನು ಬಿಚ್ಚಿಟ್ಟ ಬೂಟನ್ನು ಮೂಲೆಗಿಡಲು ಎತ್ತಿಕೊಂಡಳು. ಅದರ ಅಟ್ಟೆ ಇನ್ನೂ ಬೆಚ್ಚಗಿತ್ತು. ಆ ಮೂರು ದಿನ ಲೋಡರ್‌ನ ಸದ್ದು ಒಂದು ಗಳಿಗೆ ನಿಂತರೂ ಅವಳ ಉಸಿರೂ ನಿಲ್ಲುತ್ತಿತ್ತು.

ಗುರುವಾರ ಅಧಿಕಾರಿ ಬಂದು ಟೇಪು ಹಿಡಿದರು. ಧಣಿ ಕೈಬೀಸಿದ, ಕಡೆಯ ಬುಟ್ಟಿ ಚಕ್ಕೆ ಸುರಿಯಲು ಲೋಡರ್ ಮೇಲೇರಿತು. ಸರಳಿನಕ್ಕ ಚಿಂದಿ ಸುತ್ತಿದ ಕೈಯಿಂದ ಸರಳು ಎಳೆದು ಅಧಿಕಾರಿಯ ಮುಂದೆ ಚಾಚಿದಳು.

"ಸಾರ್, ಬರೆಯೋಕೆ ಮುಂಚೆ ಇದನ್ನೊಂದ್ಸಲ ಮುಟ್ಟಿ ನೋಡಿ."

ಮುಟ್ಟಿದವರು ಕೈ ಕೊಡವಿಕೊಂಡು ಕೂಗಿದರು: "ಗಾಡಿ ಇಳಿಸ್ರೀ! ಮೊದ್ಲು ಇಳಿಸಿ!"

ಗಂಡ ಗಾಡಿ ತಿರುಗಿಸುವಷ್ಟರಲ್ಲಿ ಹಿಂಗಾಲಿ ಹೂತಿತು. ಅವನು ಧುಮುಕಿದ, ಚಕ್ಕೆಯ ಜೊತೆ ಉರುಳುತ್ತಾ ಅವಳ ಕಾಲಬುಡಕ್ಕೆ ಬಂದು ಬಿದ್ದ. ಹಿಂದೆಯೇ ರಾಶಿ ಬಾಯಿ ತೆರೆದು ಲೋಡರನ್ನು ನುಂಗಿತು. ಗಾಳಿ ಸಿಕ್ಕ ಬೆಂಕಿ ಭಗ್ಗೆಂದಿತು.

ನಾಲ್ಕು ದಿನ ಉರಿಯಿತು. ಗಂಡನ ಕಾಲು ಮುರಿದಿತ್ತು, ಜೀವ ಉಳಿದಿತ್ತು. ಸಹಾಯಧನ ನಿಂತಿತು, ಡಿಪೋಗೆ ಬೀಗ ಬಿತ್ತು. ಬೀದಿಯಲ್ಲಿ ಜನ ಮುಖ ತಿರುಗಿಸಿದರು. "ನಮ್ಮ ಅನ್ನಕ್ಕೆ ಮಣ್ಣು ಹಾಕಿದ್ಲು" ಎಂದು ಅವಳ ಕಿವಿಗೆ ಬೀಳುವಂತೆಯೇ ಆಡಿಕೊಳ್ಳುತ್ತಿದ್ದರು. ಬಾಗಿಲು ತಟ್ಟಿದ ಸದ್ದಾದರೆ ಅವಳು ಬೆಚ್ಚುತ್ತಿದ್ದಳು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ್ದು ಮುದುಕಿಯೊಬ್ಬಳು. ಹೊಸ್ತಿಲಾಚೆಯೇ ನಿಂತು ಹೇಳಿದಳು: "ಆವತ್ತು ಸಂಜೆ ಆ ಲೋಡರ್ ಹತ್ತೋ ಪಾಳಿ ನನ್ನ ಮಗನದಿತ್ತು, ತಾಯಿ."

ಸರಳಿನಕ್ಕ ಅವಳನ್ನು ಒಳಗೆ ಕರೆದು ಕೂರಿಸಿದಳು.